ಝೋನಿಂಗ್ ಇಲ್ಲದ ಊರು: ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಒಂಬತ್ತು ಕುಟುಂಬಗಳು ನೆಲೆ ಹುಡುಕಿದ ಪ್ರಕರಣ

ಝೋನಿಂಗ್ ಎಂದರೆ ಯಾವ ಜಾಗದಲ್ಲಿ ಏನು ಕಟ್ಟಬಹುದು, ಏನು ನಡೆಸಬಹುದು ಎಂದು ಊರು ಹಾಕುವ ನಿಯಮ. ಈ ಬರಹದಲ್ಲಿ ಬರುವ ಕುಟುಂಬಗಳ ಗುರುತು ಸಿಗಬಾರದೆಂದು ಊರುಗಳನ್ನು ಕ, ಗ, ಚ ಎಂದಷ್ಟೇ ಕರೆದಿದ್ದೇವೆ. ಕುಟುಂಬಗಳ ವಿವರ ಮತ್ತು ಜಮೀನಿನ ಅಳತೆ ತುಸು ಬದಲಾಗಿವೆ. ಕಾನೂನು ಮತ್ತು ಲೆಕ್ಕದ ಕ್ರಮ ಮಾತ್ರ ಇದ್ದ ಹಾಗೆಯೇ ಇವೆ.

ಹಿನ್ನೆಲೆ

2001ರಲ್ಲಿ ಯೇಲ್ ವಿಶ್ವವಿದ್ಯಾಲಯದ ಸಂಶೋಧನಾ ವಿದ್ಯಾರ್ಥಿ ಜೇಸನ್ ಸೋರೆನ್ಸ್ ಒಂದು ಲೆಕ್ಕ ಮುಂದಿಟ್ಟರು. ಅಮೆರಿಕದ ಲಿಬರ್ಟೇರಿಯನ್ನರು, ಅಂದರೆ ಸರ್ಕಾರದ ಕೈ ಆದಷ್ಟು ಕಡಿಮೆಯಿರಬೇಕೆನ್ನುವವರು, ಐವತ್ತು ರಾಜ್ಯಗಳಲ್ಲಿ ಚದುರಿಕೊಂಡಿದ್ದರೆ ಎಲ್ಲಿಯೂ ಅವರ ಮಾತು ನಡೆಯುವುದಿಲ್ಲ, ಆದರೆ 20,000 ಮಂದಿ ಒಂದೇ ಸಣ್ಣ ರಾಜ್ಯಕ್ಕೆ ಹೋಗಿ ನೆಲೆಸಿದರೆ ಅಲ್ಲಿನ ಆಡಳಿತದ ದಿಕ್ಕು ಬದಲಾದೀತು. ಫ್ರೀ ಸ್ಟೇಟ್ ಪ್ರಾಜೆಕ್ಟ್ ಹುಟ್ಟಿದ್ದು ಈ ಲೆಕ್ಕದಿಂದ. ಸಹಿ ಹಾಕಿದವರ ಸಂಖ್ಯೆ 5,000 ಮುಟ್ಟಿದ ಮೇಲೆ, 2003ರಲ್ಲಿ, ಹತ್ತು ರಾಜ್ಯಗಳ ಪಟ್ಟಿ ಹಿಡಿದು ಮತ ಹಾಕಿದರು. ಪ್ರತಿ ರಾಜ್ಯವನ್ನೂ ಉಳಿದ ಒಂದೊಂದರ ಎದುರು ಜೋಡಿಯಾಗಿ ನಿಲ್ಲಿಸಿ ತೂಗುವ ಕ್ರಮ ಅದು. ನ್ಯೂ ಹ್ಯಾಂಪ್‌ಶೈರ್ ಗೆದ್ದಿತು, ವಯೋಮಿಂಗ್ ಎರಡನೆಯದಾಯಿತು. ಜನಸಂಖ್ಯೆ ಕಡಿಮೆ ಇರುವುದೊಂದೇ ಮುಖ್ಯವಾಗಿದ್ದರೆ ವಯೋಮಿಂಗ್ ಗೆಲ್ಲಬೇಕಿತ್ತು. ಉದ್ಯೋಗ ಮತ್ತು ದೊಡ್ಡ ನಗರಗಳ ಸಾಮೀಪ್ಯ ನ್ಯೂ ಹ್ಯಾಂಪ್‌ಶೈರ್ ಕಡೆಗಿದ್ದವು. 20,000ನೆಯ ಸಹಿ ಬಿದ್ದದ್ದು 2016ರ ಫೆಬ್ರುವರಿಯಲ್ಲಿ. ಸಹಿ ಹಾಕಿದಷ್ಟು ಜನ ವಲಸೆ ಬರಲಿಲ್ಲ, ಆದರೂ ಸಾವಿರಗಟ್ಟಲೆ ಮಂದಿ ಬಂದರು.

ರಾಜ್ಯದ ಆಕರ್ಷಣೆ ಸುಳ್ಳಲ್ಲ. ಸಂಬಳದ ಮೇಲೆ ಆದಾಯ ತೆರಿಗೆ ಇಲ್ಲ, ಸಾಮಾನ್ಯ ಮಾರಾಟ ತೆರಿಗೆ ಇಲ್ಲ. ಬಡ್ಡಿ ಮತ್ತು ಡಿವಿಡೆಂಡ್ ಮೇಲಿದ್ದ ತೆರಿಗೆಯೂ 2025ರ ಜನವರಿಯಿಂದ ರದ್ದಾಯಿತು. 2017ರಿಂದ ಪರವಾನಗಿ ಇಲ್ಲದೆ ಬಂದೂಕನ್ನು ಮರೆಮಾಡಿಯೂ ಒಯ್ಯಬಹುದು. ವಯಸ್ಕರಿಗೆ ಸೀಟ್ ಬೆಲ್ಟ್ ಕಡ್ಡಾಯವಲ್ಲ. ಕೆಳಮನೆಯಲ್ಲಿ 400 ಸದಸ್ಯರಿದ್ದಾರೆ, ವರ್ಷಕ್ಕೆ 100 ಡಾಲರ್ ಸಂಬಳ. 2020ರ ಜನಗಣತಿಯ ಲೆಕ್ಕದಲ್ಲಿ ಸುಮಾರು 3,400 ಜನರಿಗೆ ಒಬ್ಬ ಪ್ರತಿನಿಧಿ. ಮನೆಮನೆ ತಿರುಗಿ ಗೆಲ್ಲಬಹುದಾದ ಕ್ಷೇತ್ರಗಳು ಇವು.

ನಮ್ಮ ಪ್ರಕರಣದ ಒಂಬತ್ತು ಕುಟುಂಬಗಳು 2019ರ ಕೊನೆಯಲ್ಲಿ ಒಟ್ಟುಗೂಡಿದವು. ಮೂರು ಕುಟುಂಬಗಳಲ್ಲಿ ಮಕ್ಕಳಿಗೆ ಮನೆಯಲ್ಲೇ ಪಾಠ, ಇಬ್ಬರಿಗೆ ಇಂಟರ್ನೆಟ್ ಇದ್ದರೆ ಎಲ್ಲಿಂದಲೂ ಮಾಡಬಹುದಾದ ಕೆಲಸ, ಒಬ್ಬರಿಗೆ ಮರಗೆಲಸದ ಶೆಡ್ ಬೇಕು, ಉಳಿದವರಿಗೆ ಕೋಳಿ, ಆಡು, ತೋಟ. ರಾಜ್ಯದ ಬಗ್ಗೆ ಚರ್ಚೆಯೇ ಆಗಲಿಲ್ಲ. ಉಳಿದದ್ದು ಊರಿನ ಪ್ರಶ್ನೆ, ಮತ್ತು ಅದು ಸಣ್ಣ ಪ್ರಶ್ನೆಯೆಂದೇ ಎಲ್ಲರೂ ಭಾವಿಸಿದ್ದರು. ಈ ರಾಜ್ಯದಲ್ಲಿ 221 ಟೌನ್‌ಗಳು, 13 ಸಿಟಿಗಳಿವೆ. ಮನೆ ಎಲ್ಲಿ ಕಟ್ಟಬೇಕು, ತೆರಿಗೆ ಎಷ್ಟು, ರಸ್ತೆಯ ಹಿಮ ಯಾರು ತೆಗೆಯಬೇಕು ಎಂಬಂಥ ದಿನನಿತ್ಯದ ವಿಷಯಗಳೆಲ್ಲ ತೀರ್ಮಾನವಾಗುವುದು ಟೌನ್ ಮಟ್ಟದಲ್ಲಿ. ರಾಜ್ಯ ಆರಿಸುವುದಕ್ಕಿಂತ ಊರು ಆರಿಸುವುದು ಕಷ್ಟದ ಕೆಲಸ.

ಅಂಕಪಟ್ಟಿ

ಎಂಟು ಕಾಲಂಗಳ ಪಟ್ಟಿ ಮಾಡಿದರು: ಝೋನಿಂಗ್ ಇದೆಯೇ, ಜನಸಂಖ್ಯೆ, ತೆರಿಗೆ ದರ, ಎಕರೆಯ ಬೆಲೆ, ಇಂಟರ್ನೆಟ್, ಆಸ್ಪತ್ರೆ ಎಷ್ಟು ದೂರ, ಊರಸಭೆಯ ಬಗೆ, ಲಿಬರ್ಟೇರಿಯನ್ನರು ಈಗಾಗಲೇ ಇದ್ದಾರೆಯೇ. ಕ ಊರಿಗೆ ಅತಿ ಹೆಚ್ಚು ಅಂಕ ಬಂತು. ಸಾವಿರಕ್ಕೂ ಕಡಿಮೆ ಜನ, ಝೋನಿಂಗ್ ಇಲ್ಲ, ಎಲ್ಲರೂ ಒಂದೇ ಸಭಾಂಗಣದಲ್ಲಿ ಕೂತು ಕೈಯೆತ್ತುವ ಹಳೆಯ ಬಗೆಯ ಟೌನ್ ಮೀಟಿಂಗ್. ಗ ಊರಿನಲ್ಲಿ ಹಗುರವಾದ ಝೋನಿಂಗ್ ಇತ್ತು. ಅಲ್ಲಿ ಎಸ್‌ಬಿ2 ಕ್ರಮ, ಅಂದರೆ ಚಳಿಗಾಲದಲ್ಲಿ ಚರ್ಚಾಸಭೆ, ಮಾರ್ಚ್‌ನಲ್ಲಿ ಇಡೀ ದಿನ ಮತಪೆಟ್ಟಿಗೆ. ಚ ಊರು ಕೆಲಸಕ್ಕೂ ಆಸ್ಪತ್ರೆಗೂ ಹತ್ತಿರ, ಆದರೆ ನಿಯಮಗಳು ಹೆಚ್ಚು.

ಈ ಪಟ್ಟಿಯಲ್ಲಿ ಎರಡು ದೋಷಗಳಿದ್ದವು. ಮೊದಲನೆಯದು ತೆರಿಗೆ ದರ. ದರವನ್ನು ಸಾವಿರ ಡಾಲರ್ ಆಸ್ತಿ ಮೌಲ್ಯಕ್ಕೆ ಇಷ್ಟು ಎಂದು ಹೇಳುತ್ತಾರೆ, ಆದರೆ ಆ ಮೌಲ್ಯ ಮಾರುಕಟ್ಟೆ ಬೆಲೆಯಲ್ಲ. ಊರುಗಳು ಐದು ವರ್ಷಕ್ಕೊಮ್ಮೆಯಾದರೂ ಮರುಮೌಲ್ಯಮಾಪನ ಮಾಡಬೇಕು. ನಡುವಿನ ವರ್ಷಗಳಲ್ಲಿ ಬೆಲೆ ಏರುತ್ತದೆ, ಪುಸ್ತಕದ ಮೌಲ್ಯ ನಿಂತಲ್ಲೇ ನಿಂತಿರುತ್ತದೆ. ಕ ಊರಿನ ದರ 22, ಗ ಊರಿನದು 30. ಕ ಅಗ್ಗವೆಂದು ಅಂಕ ಕೊಟ್ಟರು. ಕ ಊರಿನಲ್ಲಿ ಆಗಷ್ಟೇ ಮರುಮೌಲ್ಯಮಾಪನ ಮುಗಿದಿತ್ತು, ಪುಸ್ತಕದ ಮೌಲ್ಯ ಮಾರುಕಟ್ಟೆಯ ಶೇ. 98ರಷ್ಟಿತ್ತು. ಗ ಊರಿನಲ್ಲಿ ಅದು ಶೇ. 65. ಮಾರುಕಟ್ಟೆಯಲ್ಲಿ 3,00,000 ಡಾಲರ್ ಬಾಳುವ ಮನೆಗೆ ಕ ಊರಿನಲ್ಲಿ 2,94,000ರ ಮೇಲೆ 6,468 ಡಾಲರ್ ತೆರಿಗೆ, ಗ ಊರಿನಲ್ಲಿ 1,95,000ರ ಮೇಲೆ 5,850 ಡಾಲರ್. ದುಬಾರಿಯೆಂದು ಕಂಡ ಊರೇ ಅಗ್ಗ. ರಾಜ್ಯದ ಕಂದಾಯ ಇಲಾಖೆ ಪ್ರತಿವರ್ಷ ಈ ಅನುಪಾತಗಳನ್ನೂ ಸಮೀಕರಿಸಿದ ದರಗಳನ್ನೂ ಪ್ರಕಟಿಸುತ್ತದೆ. ಊರುಗಳನ್ನು ಹೋಲಿಸಲು ನೋಡಬೇಕಾದ ಪಟ್ಟಿ ಅದೊಂದೇ.

ದರ ಸರಿಯಾಗಿ ಓದಿದರೂ ಬಿಲ್ಲಿನ ಒಳಗೆ ಏನಿದೆ ಎಂಬುದು ಬೇರೆಯೇ ಪ್ರಶ್ನೆ. ಆಸ್ತಿ ತೆರಿಗೆಯ ಬಿಲ್ಲಿನಲ್ಲಿ ನಾಲ್ಕು ಭಾಗಗಳಿರುತ್ತವೆ: ಟೌನ್, ಸ್ಥಳೀಯ ಶಾಲೆ, ಕೌಂಟಿ (ನಮ್ಮ ಜಿಲ್ಲೆಯಂಥ ಘಟಕ), ರಾಜ್ಯ ಶಿಕ್ಷಣ ತೆರಿಗೆ. ಕೊನೆಯ ಎರಡರ ಮೇಲೆ ಊರಸಭೆಗೆ ಅಧಿಕಾರವಿಲ್ಲ. ಸಾಮಾನ್ಯವಾಗಿ ಶಾಲೆಯ ಭಾಗವೇ ದೊಡ್ಡದು. ಸ್ವಂತ ಹೈಸ್ಕೂಲ್ ಇಲ್ಲದ ಊರು ಪಕ್ಕದ ಊರಿಗೆ ಮಕ್ಕಳ ಲೆಕ್ಕದಲ್ಲಿ ಶುಲ್ಕ ಕಟ್ಟುತ್ತದೆ, ಅದು ಒಪ್ಪಂದ. ವಿಶೇಷ ಶಿಕ್ಷಣ ಬೇಕಾದ ಮಗುವಿನ ವೆಚ್ಚ ಕಾನೂನಿನ ಹೊಣೆ. ಇವೆಲ್ಲ ಕಳೆದ ಮೇಲೆ ಸಭೆಯಲ್ಲಿ ಸಲೀಸಾಗಿ ಕತ್ತರಿ ಹಾಕಬಹುದಾದದ್ದು ಮುಖ್ಯವಾಗಿ ರಸ್ತೆ, ಹಿಮ ತೆಗೆಯುವ ಗಾಡಿ, ಅಗ್ನಿಶಾಮಕ, ಗ್ರಂಥಾಲಯ. ಅಕ್ಕಪಕ್ಕದವರು ದಿನಾ ಕಣ್ಣಾರೆ ಕಾಣುವ ಸೇವೆಗಳು ಇವೇ.

ಎರಡನೆಯ ದೋಷ ಇನ್ನೂ ಆಳದ್ದು. ‘ಝೋನಿಂಗ್ ಇಲ್ಲ’ ಎಂಬ ಕಾಲಂಗೆ ಅತಿ ಹೆಚ್ಚು ತೂಕ ಕೊಟ್ಟಿದ್ದರು. ಝೋನಿಂಗ್ ಇಲ್ಲವೆಂದರೆ ನಿಯಮಗಳೇ ಇಲ್ಲವೆಂದು ಅವರು ಓದಿಕೊಂಡರು.

62 ಎಕರೆ

2021ರಲ್ಲಿ ಕ ಊರಿನಲ್ಲಿ 62 ಎಕರೆ ಕಾಡುಜಮೀನನ್ನು ಎಲ್‌ಎಲ್‌ಸಿ, ಅಂದರೆ ಸದಸ್ಯರ ಹೊಣೆ ಸೀಮಿತವಾಗಿರುವ ಕಂಪನಿಯ ಹೆಸರಿನಲ್ಲಿ ಕೊಂಡರು. ಒಂಬತ್ತು ಪಾಲು, ಒಂದೊಂದು ಸುಮಾರು 6.9 ಎಕರೆ. ಈ ಅಳತೆ ಬೇಕೆಂದೇ ಆರಿಸಿದ್ದು: ಐದು ಎಕರೆಗಿಂತ ಚಿಕ್ಕ ನಿವೇಶನಗಳಾದರೆ ರಾಜ್ಯ ಪರಿಸರ ಇಲಾಖೆಯಿಂದ ಪ್ರತ್ಯೇಕ ವಿಂಗಡಣೆ ಅನುಮತಿ ಬೇಕಾಗುತ್ತದೆ. ಆ ಗೆರೆ ತಪ್ಪಿಸಲು ಹೋಗಿ ಇನ್ನೊಂದು ಗೆರೆಯ ಕೆಳಗೆ ಬಿದ್ದರು. ಜಮೀನು ‘ಕರೆಂಟ್ ಯೂಸ್’ ಯೋಜನೆಯಲ್ಲಿತ್ತು, ಅಂದರೆ ಕಾಡನ್ನು ಕಾಡೆಂದೇ ಎಣಿಸಿ ತೀರ ಕಡಿಮೆ ತೆರಿಗೆ ಹಾಕುವ ಕ್ರಮ. ಇದಕ್ಕೆ ಕನಿಷ್ಠ ಹತ್ತು ಎಕರೆ ಇರಬೇಕು. ಅದಕ್ಕಿಂತ ಚಿಕ್ಕ ತುಂಡಾಗಿ ಬೇರೆಯವರ ಕೈಗೆ ಹೋದರೆ ಅರ್ಹತೆ ತಪ್ಪುತ್ತದೆ, ಮಾರುಕಟ್ಟೆ ಬೆಲೆಯ ಶೇ. 10 ದಂಡತೆರಿಗೆಯಾಗಿ ಬೀಳುತ್ತದೆ. 60,000 ಡಾಲರ್ ಬಾಳುವ ನಿವೇಶನಕ್ಕೆ 6,000. ಮನೆ ಮತ್ತು ಅಂಗಳಕ್ಕೆ ಒಂದೆಕರೆ ಬಿಟ್ಟು ಹತ್ತು ಎಕರೆ ಉಳಿಯಬೇಕಾದರೆ ಪ್ರತಿ ಪಾಲು ಕನಿಷ್ಠ ಹನ್ನೊಂದಾಗಬೇಕು, 62 ಎಕರೆಗೆ ಐದೇ ಪಾಲು.

ರಸ್ತೆಯದು ಇನ್ನೊಂದು ಕತೆ. ಜಮೀನು ಅಷ್ಟು ಅಗ್ಗಕ್ಕೆ ಸಿಕ್ಕಿದ್ದೇ ಅದು ಆರನೆಯ ದರ್ಜೆಯ ರಸ್ತೆಯಲ್ಲಿದ್ದುದರಿಂದ. ಇಂಥ ರಸ್ತೆ ಸಾರ್ವಜನಿಕರದ್ದೇ, ಆದರೆ ಊರು ಅದನ್ನು ನಿರ್ವಹಿಸುವುದಿಲ್ಲ. ಝೋನಿಂಗ್ ಇಲ್ಲದಿದ್ದರೂ ಕ ಊರಿನ ಪ್ಲಾನಿಂಗ್ ಬೋರ್ಡ್‌ಗೆ ಜಮೀನು ವಿಂಗಡಣೆಯ ಅಧಿಕಾರವಿತ್ತು. ಅಂಥ ಕಡೆ ರಾಜ್ಯದ ಕಾನೂನು ಸಂಹಿತೆಯ (ಆರ್‌ಎಸ್‌ಎ) 674:41 ಅನ್ವಯಿಸುತ್ತದೆ. ಆಗಿನ ನಿಯಮದಂತೆ ಪ್ಲಾನಿಂಗ್ ಬೋರ್ಡ್ ಅಭಿಪ್ರಾಯ ಕೊಟ್ಟ ಮೇಲೆ ಊರಿನ ಆಡಳಿತ ಮಂಡಳಿಯಾದ ಸೆಲೆಕ್ಟ್ ಬೋರ್ಡ್ ಒಪ್ಪಬೇಕಿತ್ತು, ‘ರಸ್ತೆಗೆ ಊರು ಹೊಣೆಯಲ್ಲ’ ಎಂಬ ಪತ್ರವನ್ನು ಮಾಲೀಕರು ಕೌಂಟಿಯ ನೋಂದಣಿ ಕಚೇರಿಯಲ್ಲಿ ದಾಖಲಿಸಬೇಕಿತ್ತು. ಆಗಷ್ಟೇ ಮನೆ ಕಟ್ಟಲು ಅನುಮತಿ. ಆ ಪತ್ರ ಕಂಡ ಬ್ಯಾಂಕುಗಳು ಸಾಲ ಕೊಡಲು ಹಿಂಜರಿದವು. ಶಾಲೆಯ ಬಸ್ಸು ಆ ದಾರಿ ಹಿಡಿಯುವುದಿಲ್ಲ, ಆಂಬುಲೆನ್ಸ್ ಬರುವ ಖಾತರಿಯಿಲ್ಲ. ಮಾರ್ಚ್–ಏಪ್ರಿಲ್‌ನಲ್ಲಿ ಹಿಮ ಕರಗಿ ಮಣ್ಣು ಕೆಸರಾಗುವಾಗ ಊರು ನಿರ್ವಹಿಸುವ ರಸ್ತೆಗಳಿಗೇ ತೂಕದ ಮಿತಿಯ ಫಲಕ ಬೀಳುತ್ತದೆ, ಕಾಂಕ್ರೀಟ್ ಲಾರಿ ಒಳಗೆ ಬರಲಾಗದು. ನೆಲ ಸುಮಾರು ನಾಲ್ಕು ಅಡಿಯವರೆಗೆ ಹೆಪ್ಪುಗಟ್ಟುವ ಪ್ರದೇಶವಾದ್ದರಿಂದ ಅಡಿಪಾಯ ಅದಕ್ಕಿಂತ ಕೆಳಗಿಳಿಯಬೇಕು. ಕೆಲಸಕ್ಕೆ ಸಿಗುವುದು ಬೇಸಿಗೆಯ ನಾಲ್ಕೈದು ತಿಂಗಳು.

ಕೊನೆಗೆ ಮಣ್ಣು. ಸೆಪ್ಟಿಕ್ ವ್ಯವಸ್ಥೆಗೆ ರಾಜ್ಯದ ಅನುಮತಿ ಬೇಕು, ಪರವಾನಗಿ ಇರುವ ವಿನ್ಯಾಸಕಾರ ಪರೀಕ್ಷಾ ಗುಂಡಿ ತೋಡಿಸಿ ನೋಡಬೇಕು. ಅಲ್ಲಿ ನೀರು ನಿಂತಿದೆಯೇ ಎಂದಷ್ಟೇ ನೋಡುವುದಿಲ್ಲ. ಗುಂಡಿಯ ಗೋಡೆಯಲ್ಲಿ ಕಂದು ಮಣ್ಣಿನ ನಡುವೆ ಬೂದು ಮತ್ತು ತುಕ್ಕುಬಣ್ಣದ ಮಚ್ಚೆಗಳು ಎಷ್ಟು ಮೇಲಿನಿಂದ ಶುರುವಾಗುತ್ತವೆ ಎಂದು ಅಳೆಯುತ್ತಾರೆ. ಆಗಸ್ಟ್‌ನಲ್ಲಿ ಗುಂಡಿ ಒಣಗಿದ್ದರೂ ವಸಂತದಲ್ಲಿ ಅಂತರ್ಜಲ ಎಲ್ಲಿಯವರೆಗೆ ಏರುತ್ತದೆ ಎಂಬುದನ್ನು ಆ ಮಚ್ಚೆಗಳೇ ಹೇಳುತ್ತವೆ. ಒಂಬತ್ತು ಗುಂಡಿಗಳಲ್ಲಿ ಎರಡರಲ್ಲಿ ಸಲಿಕೆ ಇಳಿಯುವಷ್ಟರಲ್ಲೇ ಬಂಡೆ, ಎರಡರಲ್ಲಿ ಮಚ್ಚೆಗಳು ಹುಲ್ಲಿನ ಬೇರಿನ ಬುಡದಲ್ಲೇ. ಐದು ಕಡೆ ಮಾತ್ರ ಮನೆ ಸಾಧ್ಯವೆಂದು ತಿಳಿಯಿತು. ಈ ಪರೀಕ್ಷೆಯನ್ನು ಖರೀದಿ ಒಪ್ಪಂದದ ಷರತ್ತಾಗಿ ಹಾಕಬಹುದಿತ್ತು, ಹಾಕಿರಲಿಲ್ಲ. ಕೊಳವೆಬಾವಿ ನೀರಿನ ವಿಷಯದಲ್ಲಿ ಮಾತ್ರ ಎಚ್ಚರವಹಿಸಿದ್ದರು. ಈ ರಾಜ್ಯದ ಗ್ರಾನೈಟ್ ಬಂಡೆಯಿಂದ ಬರುವ ನೀರಿನಲ್ಲಿ ಆರ್ಸೆನಿಕ್ ಮತ್ತು ರೇಡಾನ್ ಸಾಮಾನ್ಯ. ಸಾರ್ವಜನಿಕ ನೀರಿಗೆ ಆರ್ಸೆನಿಕ್ ಮಿತಿ ಲೀಟರಿಗೆ 5 ಮೈಕ್ರೋಗ್ರಾಂ, ಖಾಸಗಿ ಬಾವಿಗೆ ಅಂಥ ಕಟ್ಟಳೆಯಿಲ್ಲ, ತಾವೇ ಪರೀಕ್ಷೆ ಮಾಡಿಸಿಕೊಳ್ಳಬೇಕು.

ರಾಜ್ಯದ ಕಟ್ಟಡ ಸಂಹಿತೆಯೂ ಎಲ್ಲ ಊರುಗಳಿಗೆ ಅನ್ವಯ. ತಪಾಸಣಾಧಿಕಾರಿ ಇಲ್ಲದ ಊರಿನಲ್ಲಿ ಅದನ್ನು ಪಾಲಿಸುವ ಹೊಣೆ ಮಾಲೀಕ ಮತ್ತು ಗುತ್ತಿಗೆದಾರನ ಮೇಲೆ ಬೀಳುತ್ತದೆ, ಸಂಹಿತೆ ಅಳಿದುಹೋಗುವುದಿಲ್ಲ.

ತಿರುವು

ಅನುಮತಿಗಳು ತಡವಾದಂತೆ ಎರಡು ಕುಟುಂಬಗಳು ಜಮೀನಿನಲ್ಲಿ ಕ್ಯಾಂಪರ್ ಗಾಡಿ ನಿಲ್ಲಿಸಿ ವಾಸ ಶುರುಮಾಡಿದವು. ಇನ್ನೆರಡು ಕುಟುಂಬಗಳು ಊರೊಳಗೆ ಬಾಡಿಗೆ ಮನೆ ಹಿಡಿದವು, ಮತ್ತೆರಡು ಆ ಚಳಿಗಾಲದಲ್ಲಿ ಬಂದು ಸೇರಿದವು. ಎಲ್ಲ ಸೇರಿ ಹನ್ನೊಂದು ಮತದಾರರಾದರು.

2022ರ ಮಾರ್ಚ್ ಎರಡನೆಯ ಮಂಗಳವಾರದ ಊರಸಭೆಯಲ್ಲಿ ಈ ಹನ್ನೊಂದು ಮಂದಿ ಕೂತರು. ಸಭಾಂಗಣದಲ್ಲಿ ಒಟ್ಟು ಇದ್ದದ್ದು ಅರುವತ್ತರ ಆಸುಪಾಸು. ಕೆಲವು ಬಾಬ್ತುಗಳು ಮೂರು–ನಾಲ್ಕು ಕೈಗಳ ಅಂತರದಲ್ಲಿ ಪಾಸಾದವು. ಮುಂದಿನ ವರ್ಷ ರಸ್ತೆ ಬಜೆಟ್ಟಿಗೆ ಸಭೆಯಲ್ಲೇ ತಿದ್ದುಪಡಿ ತಂದು ಮೂರನೇ ಒಂದು ಭಾಗ ಕಡಿಯಬಹುದೆಂಬ ಯೋಜನೆ ಅಂದೇ ಮೂಡಿತು. ಲೆಕ್ಕ ಸರಿಯಾಗಿಯೇ ಇತ್ತು. ಬಜೆಟ್ ಸಮಿತಿ ಇರುವ ಊರಿನಲ್ಲಿ ಸಮಿತಿ ಶಿಫಾರಸು ಮಾಡಿದ ಮೊತ್ತಕ್ಕಿಂತ ಶೇ. 10ಕ್ಕಿಂತ ಹೆಚ್ಚು ಏರಿಸಲು ಸಭೆಗೆ ಬರುವುದಿಲ್ಲ, ಇಳಿಸಲು ಅಂಥ ಮಿತಿಯಿಲ್ಲ.

ಅದೇ ತಿಂಗಳು ಕ್ರಾಯ್ಡನ್ ಎಂಬ, ಸುಮಾರು 800 ಜನರ ಊರಿನಲ್ಲಿ ಇದೇ ಪ್ರಯೋಗ ನಡೆಯಿತು. ಊರಿನ ಶಾಲೆಯ ಆಡಳಿತ ಘಟಕವಾದ ಶಾಲಾ ಜಿಲ್ಲೆಯ ಸಭೆಯಲ್ಲಿ 17 ಲಕ್ಷ ಡಾಲರ್ ಬಜೆಟ್ಟನ್ನು 8 ಲಕ್ಷಕ್ಕೆ ಇಳಿಸುವ ತಿದ್ದುಪಡಿ 20–14ರಲ್ಲಿ ಗೆದ್ದಿತು. ಊರು ಎದ್ದು ಕೂತಿತು. ವಿಶೇಷ ಸಭೆಯಲ್ಲಿ ಬಜೆಟ್ ಬದಲಿಸಬೇಕಾದರೆ ನೋಂದಾಯಿತ ಮತದಾರರಲ್ಲಿ ಅರ್ಧದಷ್ಟಾದರೂ ಮತ ಹಾಕಿರಬೇಕು, ಸಣ್ಣ ಊರಿಗೂ ಅದು ಸುಲಭದ ಮಾತಲ್ಲ. ಮೇ ತಿಂಗಳ ಸಭೆಯಲ್ಲಿ ಆ ಮಿತಿ ದಾಟಿತು, ಹಳೆಯ ಬಜೆಟ್ 377–2ರಲ್ಲಿ ಮರಳಿತು.

ನಮ್ಮ ಗುಂಪಿನಲ್ಲಿ ಇದರ ಬಗ್ಗೆ ಎರಡು ಓದುಗಳಿದ್ದವು. ಕೆಲವರಿಗೆ ಅದು ಒಂದು ಅಪವಾದ, ಅಲ್ಲಿ ಕಡಿದದ್ದು ಅತಿಯಾಯಿತು ಅಷ್ಟೇ. ಉಳಿದವರು ಬೇರೆ ಅಂಕಿ ನೋಡಿದರು: ಸಭೆಗೆ ಬಾರದೆ ಮನೆಯಲ್ಲಿ ಕೂತಿದ್ದವರ ಸಂಖ್ಯೆ. ಕೂತ ಮೂವತ್ತನಾಲ್ಕು ಮಂದಿಯಲ್ಲಿ ಇಪ್ಪತ್ತು ಕೈ ಗೆಲ್ಲಲು ಸಾಕು. ಗೆದ್ದದ್ದನ್ನು ಉಳಿಸಿಕೊಳ್ಳಲು ಬಾರದವರ ಒಪ್ಪಿಗೆಯೂ ಬೇಕು. ಈ ಎರಡನೆಯ ಓದೇ ಸರಿಯೆಂಬುದು ನಮ್ಮ ಖಚಿತ ಅಭಿಪ್ರಾಯ.

ಚರ್ಚೆ ಮುಗಿಯುವ ಮೊದಲೇ ಊರು ಉತ್ತರ ಕೊಟ್ಟಿತು. ಬೇಸಿಗೆಯಲ್ಲಿ ಕ್ಯಾಂಪರ್‌ಗಳ ಬಳಸಿದ ನೀರು ಇಳಿಜಾರಿನಲ್ಲಿ ಹರಿಯುತ್ತಿದೆಯೆಂದು ಊರಿನ ಆರೋಗ್ಯಾಧಿಕಾರಿಗೆ ದೂರು ಹೋಯಿತು. ಶರತ್ಕಾಲದಲ್ಲಿ ಪ್ಲಾನಿಂಗ್ ಬೋರ್ಡ್ ಝೋನಿಂಗ್ ನಿಯಮಾವಳಿಯ ಕರಡನ್ನೇ ಹೊರತಂದಿತು: ಗಾಡಿಗಳಲ್ಲಿ ವಾಸಕ್ಕೆ ನಿಷೇಧ, ಕನಿಷ್ಠ ನಿವೇಶನದ ಅಳತೆ, ಮನೆಯಲ್ಲಿ ನಡೆಸುವ ಉದ್ಯೋಗಕ್ಕೆ ಅನುಮತಿ ಕಡ್ಡಾಯ. ಹಿಂದೆ ಕೆಲವು ಸಲ ಝೋನಿಂಗ್ ಬೇಡವೆಂದಿದ್ದ ಹಳಬರೇ ಈ ಸಲ ಬೇಕೆನ್ನತೊಡಗಿದರು. ಯಾವ ಗುಣ ಕಂಡು ಗುಂಪು ಈ ಊರಿಗೆ ಬಂದಿತ್ತೋ ಅದೇ ಗುಣವನ್ನು ಗುಂಪಿನ ಆಗಮನವೇ ಅಳಿಸಲು ಹೊರಟಿತ್ತು.

ಇಲ್ಲಿ ಸಭಾಂಗಣದ ಲೆಕ್ಕ ಕೆಲಸಕ್ಕೆ ಬಾರದು. ಝೋನಿಂಗ್ ನಿಯಮಕ್ಕೆ ಹಳೆಯ ಬಗೆಯ ಊರಸಭೆ ಇರುವಲ್ಲೂ ಗುಪ್ತ ಮತಪತ್ರ ಬೇಕು, ಇಡೀ ದಿನ ಮತದಾನ. ಸಂಜೆಯ ಸಭೆಗೆ ಬಾರದವರೂ ಮಧ್ಯಾಹ್ನ ಬಂದು ಮತ ಹಾಕಿ ಹೋಗುತ್ತಾರೆ. ಹನ್ನೊಂದು ಮತ ಅಲ್ಲಿ ಕಾಣುವುದೂ ಇಲ್ಲ.

ಡಿಸೆಂಬರ್‌ನಲ್ಲಿ ಗುಂಪು ಮೂರು ತೀರ್ಮಾನ ಮಾಡಿತು. ಕ್ಯಾಂಪರ್‌ಗಳನ್ನು ಆ ವಾರವೇ ತೆಗೆಸಿತು, ಆ ಕುಟುಂಬಗಳಿಗೆ ಉಳಿದವರು ಬಾಡಿಗೆ ಹಂಚಿಕೊಂಡರು. ರಸ್ತೆ ಬಜೆಟ್ ತಿದ್ದುಪಡಿಯನ್ನು ಪೂರ್ತಿ ಕೈಬಿಟ್ಟಿತು. ಮೂರನೆಯದಾಗಿ, ಝೋನಿಂಗ್ ವಿರುದ್ಧ ಫಲಕ ಹಿಡಿದು ನಿಲ್ಲುವ ಬದಲು, ಸಾರ್ವಜನಿಕ ವಿಚಾರಣೆಗೆ ಮಂಜೂರಾದ ಸೆಪ್ಟಿಕ್ ನಕ್ಷೆಗಳನ್ನು ತಂದು ಮೇಜಿನ ಮೇಲಿಟ್ಟಿತು. ಮಾತಾಡಿದ್ದು ಮರಗೆಲಸದವರೊಬ್ಬರೇ. ‘ಕೊಳಚೆಗೆ ರಾಜ್ಯದ ನಿಯಮ ಈಗಾಗಲೇ ಇದೆ, ನಾವು ಪಾಲಿಸಿದ್ದೇವೆ. ಈ ಕರಡಿನ ಮೂರನೇ ಅಧ್ಯಾಯ ಜಾರಿಯಾದರೆ ನನ್ನ ಶೆಡ್ಡಿಗೂ ನಿಮ್ಮ ಗ್ಯಾರೇಜಿಗೂ ಒಂದೇ ಅರ್ಜಿ ಬೇಕಾಗುತ್ತದೆ’ ಎಂದರು. ಮನೆಯಲ್ಲೇ ಟ್ರಕ್ ರಿಪೇರಿ ಮಾಡುತ್ತಿದ್ದ ಹಳಬರು ಅಲ್ಲಿಯೇ ಕೂತಿದ್ದರು. 2023ರ ಮಾರ್ಚ್‌ನಲ್ಲಿ ಪ್ರಸ್ತಾವ ಮೂವತ್ತಕ್ಕೂ ಕಡಿಮೆ ಮತಗಳಿಂದ ಬಿದ್ದುಹೋಯಿತು. ಅದನ್ನು ಬೀಳಿಸಿದವರು ಹಳಬರು.

ಆದದ್ದೇನು

ಒಂಬತ್ತರಲ್ಲಿ ಮೂರು ಕುಟುಂಬಗಳು ಕ ಊರಿನಲ್ಲಿ ಮನೆ ಕಟ್ಟಿದವು. ಎರಡು ಗ ಊರಿಗೆ, ಒಂದು ಚ ಊರಿಗೆ ಹೋದವು. ಎರಡು ತಮ್ಮ ರಾಜ್ಯಕ್ಕೆ ಮರಳಿದವು. ಒಂದು ಬರಲೇ ಇಲ್ಲ. ಗ ಊರಿಗೆ ಹೋದವರು ಕಟ್ಟಿದ ಮನೆಗಳನ್ನೇ ಕೊಂಡರು. ಬಾವಿ, ಸೆಪ್ಟಿಕ್, ಊರು ನಿರ್ವಹಿಸುವ ರಸ್ತೆ ಎಲ್ಲ ಇದ್ದವು, ಹೊರಟ ಆರು ತಿಂಗಳಲ್ಲಿ ಬದುಕು ನಿಂತಿತು. ಅಲ್ಲಿನ ಹಗುರ ಝೋನಿಂಗ್‌ನಿಂದ ಅವರಿಗೆ ಎದುರಾದ ಅಡ್ಡಿ ಕೋಳಿಗೂಡು ಗಡಿಯಿಂದ ಎಷ್ಟು ದೂರವಿರಬೇಕೆಂಬುದೊಂದೇ.

ರಾಜಕೀಯವಾಗಿ ಹೆಚ್ಚು ಫಲ ಕೊಟ್ಟದ್ದು ಯಾರೂ ಗಮನಿಸದ ಹುದ್ದೆಗಳು. ಸಣ್ಣ ಊರುಗಳಲ್ಲಿ ಬಜೆಟ್ ಸಮಿತಿ, ಟ್ರಸ್ಟ್ ನಿಧಿಯ ಟ್ರಸ್ಟಿ, ಗ್ರಂಥಾಲಯದ ಟ್ರಸ್ಟಿಯಂಥ ಸ್ಥಾನಗಳಿಗೆ ಎಷ್ಟೋ ಸಲ ಅಭ್ಯರ್ಥಿಗಳೇ ಇರುವುದಿಲ್ಲ, ಮತಪತ್ರದಲ್ಲಿ ಕೈಯಿಂದ ಹೆಸರು ಬರೆದವರೇ ಗೆಲ್ಲುತ್ತಾರೆ. ಗುಂಪಿನ ಇಬ್ಬರು ಹಾಗೆ ಬಜೆಟ್ ಸಮಿತಿ ಸೇರಿದರು. ಮುಂದೆ, ತೆರಿಗೆ ಬಾಕಿಗಾಗಿ ಊರು ವಶಪಡಿಸಿಕೊಂಡ ಜಮೀನುಗಳನ್ನು ಇಟ್ಟುಕೊಳ್ಳದೆ ಮಾರಬೇಕೆಂಬ ಅರ್ಜಿಯೂ ಪಾಸಾಯಿತು. ಅರ್ಜಿಗೆ ಬೇಕಾದ ಸಹಿ 25 ಮತದಾರರದ್ದು ಅಥವಾ ಮತದಾರರ ಶೇ. 2, ಯಾವುದು ಕಡಿಮೆಯೋ ಅದು, ಆದರೆ ಹತ್ತಕ್ಕಿಂತ ಕಡಿಮೆಯಿಲ್ಲ. ಕ ಊರಿನಲ್ಲಿ ಅದು ಹದಿನಾಲ್ಕು. ಆಗ ಗುಂಪಿನವರು ಆರೇ ಮಂದಿ ಉಳಿದಿದ್ದರು, ಎಂಟು ಸಹಿ ಹಳಬರದ್ದು.

ಪ್ರಕರಣವನ್ನು ಮುಂದಿಟ್ಟುಕೊಂಡು ನೋಡಿದರೆ ಹುಡುಕಾಟದ ಕ್ರಮವೇ ತಲೆಕೆಳಗಾಗಬೇಕು. ಮೊದಲು ಒಂದು ಊರಲ್ಲ, ಇಪ್ಪತ್ತು ನಿಮಿಷದ ದಾರಿಯೊಳಗಿನ ನಾಲ್ಕೈದು ಊರುಗಳ ಗುಚ್ಛ ಆರಿಸಬೇಕು, ಒಂದರಲ್ಲಿ ಬಾಗಿಲು ಮುಚ್ಚಿದರೆ ಗೆಳೆತನ ಮುರಿಯುವುದಿಲ್ಲ. ಆಮೇಲೆ ಐದು ವರ್ಷದ ಟೌನ್ ವರದಿಗಳನ್ನು ಓದಬೇಕು. ಪ್ರತಿ ಊರೂ ಪ್ರತಿವರ್ಷ ಅಚ್ಚು ಹಾಕಿಸುವ ಆ ಪುಸ್ತಕದಲ್ಲಿ ಹಿಂದಿನ ಸಭೆಯ ನಡಾವಳಿ ಇರುತ್ತದೆ. ಝೋನಿಂಗ್ ಇದೆಯೇ ಎಂಬುದಕ್ಕಿಂತ ಅದು ಎಷ್ಟು ಸಲ ಮತಕ್ಕೆ ಬಂದಿತ್ತು, ಎಷ್ಟು ಅಂತರದಲ್ಲಿ ಸೋತಿತು ಎಂಬುದು ಹೆಚ್ಚು ಹೇಳುತ್ತದೆ. ದೊಡ್ಡ ಅಂತರದಲ್ಲಿ ಮತ್ತೆ ಮತ್ತೆ ಸೋತಿದ್ದರೆ ಆ ಸ್ವಾತಂತ್ರ್ಯವನ್ನು ಹಳಬರೇ ಕಾಯುತ್ತಿದ್ದಾರೆ. ಎಂದೂ ಮತಕ್ಕೇ ಬಾರದಿದ್ದರೆ ಯಾರೂ ಅದರ ಬಗ್ಗೆ ಯೋಚಿಸಿಲ್ಲ, ಅಷ್ಟೇ. ಅಂಥ ಊರು ಮೊದಲ ಕಿರಿಕಿರಿಗೇ ಮನಸ್ಸು ಬದಲಿಸಬಹುದು. 2004ರಿಂದ ಇದೇ ರಾಜ್ಯದ ಗ್ರಾಫ್ಟನ್ ಎಂಬ ಊರಿಗೆ ಹೋದ ಲಿಬರ್ಟೇರಿಯನ್ ಗುಂಪಿಗೂ ಝೋನಿಂಗ್ ಇಲ್ಲದಿರುವುದೇ ದೊಡ್ಡ ಸೆಳೆತವಾಗಿತ್ತು. ಊರನ್ನು ತಮ್ಮದಾಗಿಸಿಕೊಳ್ಳುತ್ತೇವೆಂದು ಮೊದಲೇ ಸಾರಿದ್ದರಿಂದ ಹಳಬರ ಎದೆಯಲ್ಲಿ ಹುಟ್ಟಿದ ಸಿಟ್ಟು ಬಹುಕಾಲ ಆರಲಿಲ್ಲ.

ಜಂಟಿ ಜಮೀನು ಬೇಕೇಬೇಕೆಂದರೆ ಹೊರಹೋಗುವ ಷರತ್ತು ಮೊದಲು ಬರೆಯಬೇಕು. ಇಲ್ಲಿ ಎಲ್‌ಎಲ್‌ಸಿ ಒಪ್ಪಂದದಲ್ಲಿ ಪಾಲು ಮಾರುವ ದಾರಿಯಿತ್ತು, ಬೆಲೆ ನಿಗದಿಯ ಕ್ರಮ ಇರಲಿಲ್ಲ. ಮರಳಿ ಹೋದ ಎರಡು ಕುಟುಂಬಗಳ ಹಣ ಒಂದೂವರೆ ವರ್ಷ ಸಿಕ್ಕಿಬಿತ್ತು. ಸಹಮಾಲೀಕರಾಗಿ ಕೊಂಡಿದ್ದರೂ ಅಪಾಯ ತಪ್ಪುತ್ತಿರಲಿಲ್ಲ, ಯಾವುದೇ ಸಹಮಾಲೀಕ ನ್ಯಾಯಾಲಯದಲ್ಲಿ ಪಾಲು ಕೇಳಬಹುದು. ಈಗ ಒಪ್ಪಂದ ತಿದ್ದಿದ್ದಾರೆ: ಹೊರಹೋಗುವವರು ನೋಟಿಸ್ ಕೊಟ್ಟ ತಿಂಗಳೊಳಗೆ ಎರಡೂ ಕಡೆಯವರು ಒಪ್ಪಿದ ಮೌಲ್ಯಮಾಪಕರಿಂದ ಬೆಲೆ, ಆ ಮೇಲೆ ಕಂಪನಿಗೆ ಹನ್ನೆರಡು ತಿಂಗಳ ಕಂತು. ಮೂರು ಮನೆಗಳ ಜಾಗ ಬಿಟ್ಟು ಉಳಿದ ಜಮೀನು ಕರೆಂಟ್ ಯೂಸ್‌ನಲ್ಲೇ ಇದೆ. ಸೆಪ್ಟಿಕ್‌ಗೆ ಯೋಗ್ಯವಾದ ಇನ್ನೆರಡು ಜಾಗಗಳನ್ನು ಹನ್ನೊಂದು ಎಕರೆಯ ಪಾಲುಗಳಾಗಿ ಗುರುತು ಹಾಕಿ, ಕೊಳ್ಳುವವರು ಮೊದಲು ಊರೊಳಗೆ ಬಾಡಿಗೆ ಮನೆಯಲ್ಲಿ ಒಂದು ಚಳಿಗಾಲ ಕಳೆದಿರಬೇಕೆಂಬ ಷರತ್ತು ಇಟ್ಟಿದ್ದಾರೆ.